ಟ್ಯಾಂಕಿಗೆ ಬೀಗ

ಗಂಡನ ಕೈಯಲ್ಲಿ ಕೆಟ್ಟು ನಿಲ್ಲುವ ಟ್ರ್ಯಾಕ್ಟರು ಅಪ್ಪ ಹತ್ತಿರ ಬಂದ ಕೂಡಲೇ ಬಾಲ ಅಲ್ಲಾಡಿಸಿಕೊಂಡು ಓಡುತ್ತದೆ ಎಂದರೆ ಯಾವ ಮಗಳಿಗೆ ತಾನೇ ಸಂಶಯ ಬರುವುದಿಲ್ಲ? ಅವಳಿಗೂ ಬಂತು. ಒಂದು ಸಲವಾಗಿದ್ದರೆ ಹೋಗಲಿ ಬಿಡು ಅನ್ನಬಹುದಿತ್ತು. ಎರಡು ಸಲವಾಗಿದ್ದರೆ ಗ್ರಹಚಾರ ಅನ್ನಬಹುದಿತ್ತು. ಆ ವಾರ ಇದು ಐದನೆಯ ಸಲ.

ಮಧ್ಯಾಹ್ನ ಅವಳು ರೊಟ್ಟಿ ಸುಡುತ್ತಿದ್ದಾಗ ಗಂಡ ಕೆಳಗಿನ ಹೊಲದಿಂದ ನಡೆದುಕೊಂಡೇ ಬಂದು ಹಿತ್ತಲ ಬಾಗಿಲಲ್ಲಿ ನಿಂತ. ಹುಬ್ಬಿನ ತುಂಬ ಧೂಳು, ಕೈಯಲ್ಲಿ ಸ್ಪ್ಯಾನರು.

"ಮತ್ತೆ ನಿಂತಿತು," ಎಂದ.

ಒಳಗೆ ತಟ್ಟೆಯ ಮುಂದೆ ಕೂತಿದ್ದ ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದು, "ನಿಂತಿತೋ, ನಿಲ್ಲಿಸಿದಿರೋ?" ಎಂದ.

"ನಾನ್ಯಾಕೆ ನಿಲ್ಲಿಸ್ಲಿ ಮಾವ? ಆರು ಸಾಲು ಚೆನ್ನಾಗೇ ಎಳೀತು. ಆಮೇಲೆ ಉಸಿರು ಕಟ್ಟಿದ ಹಾಗೆ ಮಾಡ್ತು, ಎರಡು ಸಲ ಗುಕ್ಕು ಗುಕ್ಕು ಅಂತು, ಆಫ್ ಆಯ್ತು. ಕಾಲು ಗಂಟೆ ಬಿಟ್ರೆ ಮತ್ತೆ ತಾನೇ ಹೊರಡುತ್ತೆ. ನಾಲ್ಕು ಸಾಲು ಹೋಗುತ್ತೆ, ಮತ್ತೆ ನಿಲ್ಲುತ್ತೆ."

"ಮೂವತ್ತು ವರ್ಷ ನಾನೂ ಓಡಿಸಿದ್ದೀನಿ. ನನ್ನ ಕೈಯಲ್ಲಿ ಒಂದು ದಿನವೂ ಅದಕ್ಕೆ ಉಸಿರು ಕಟ್ಟಲಿಲ್ಲ. ನಿಮ್ಮ ಕೈಗೆ ಬಂದ ಮೇಲೆ ಅದಕ್ಕೆ ಎಲ್ಲಿಲ್ಲದ ಕಾಯಿಲೆ."

"ಊಟ ಮುಗಿಸಿ ಹೋಗಬಾರದಾ?" ಎಂದಳು ಅಮ್ಮ. ಅಪ್ಪ ಆಗಲೇ ಕೈ ತೊಳೆಯುತ್ತಿದ್ದ. "ಎಲ್ಲಿ ಸೇರುತ್ತೆ ಊಟ! ಸವತಿಗೆ ಹುಷಾರಿಲ್ವಲ್ಲ," ಎಂದು ಗೊಣಗಿದಳು ಅಮ್ಮ. ಟ್ರ್ಯಾಕ್ಟರನ್ನು ಅಮ್ಮ ಮದುವೆಯಾದ ಎರಡನೇ ವರ್ಷದಿಂದಲೂ ಸವತಿ ಎಂದೇ ಕರೆಯುತ್ತಿದ್ದಳು. ಹೊಸದರಲ್ಲಿ ಅದು ತಮಾಷೆಯಾಗಿತ್ತು.

ಅಪ್ಪ ಅಂಗಿಯ ಒಳಜೇಬನ್ನು ಮುಟ್ಟಿ ಡೀಸೆಲ್ ಟ್ಯಾಂಕಿನ ಬೀಗದ ಕೈ ಇದೆಯೆಂದು ಖಾತ್ರಿ ಮಾಡಿಕೊಂಡು ಹೊರಟ. ಹಿಂದೆ ಗಂಡ. ಅರ್ಧ ಗಂಟೆ ಕಳೆಯುವುದರೊಳಗೆ ಹೊಲದ ಕಡೆಯಿಂದ ಇಂಜಿನ್ನಿನ ಸದ್ದು ಕೇಳಿತು. ಅದು ಮೆಲ್ಲಗೆ ಏರಿ, ನೇಗಿಲು ನೆಲಕ್ಕಿಳಿದಾಗ ದಪ್ಪಗಾಗಿ, ಹಾಗೇ ಮುಂದುವರಿಯಿತು. ಅಪ್ಪ ಒಬ್ಬನೇ ವಾಪಸು ಬಂದ. ತಣ್ಣಗಾದ ರೊಟ್ಟಿಯನ್ನು ಮುರಿಯುತ್ತ, "ನಾನು ಹೋಗಿ ಮುಚ್ಚಳ ತೆಗೆದು ಡೀಸೆಲ್ ನೋಡಿದೆ, ಮುಚ್ಚಿದೆ. ಅಷ್ಟೇ. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಇದಕ್ಕೆ ಏನಂತೀಯಮ್ಮ?" ಎಂದ.

ಅವಳು ಅಪ್ಪನ ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು. ಆದರೆ ಕೇಳಿಸಿಕೊಂಡಳು.

ಅವಳ ಗಂಡ ಮನೆ ಅಳಿಯ. ಮದುವೆಯಾಗಿ ನಾಲ್ಕು ವರ್ಷ. ಅಣ್ಣ ಪೇಟೆಯಲ್ಲಿ ಅಂಗಡಿ ಹಾಕಿಕೊಂಡು ಹೊಲದಿಂದ ಕೈ ತೊಳೆದುಕೊಂಡ ಮೇಲೆ, ಅಪ್ಪನ ಕಣ್ಣಿಗೆ ಪೊರೆ ಬಂದು ಸಾಲು ಸೊಟ್ಟಗಾಗತೊಡಗಿದ ಮೇಲೆ, ಅಪ್ಪನೇ ಹುಡುಕಿ ತಂದ ಅಳಿಯ. ಡ್ರೈವರ್ ಕೆಲಸ ಗೊತ್ತು, ಕುಡಿಯುವುದಿಲ್ಲ, ಮಾತು ಕಡಿಮೆ ಎಂದು ಆಗ ಅಪ್ಪನೇ ಊರೆಲ್ಲ ಹೊಗಳಿಕೊಂಡು ಬಂದಿದ್ದ. ಈಗ ಆ ಮಾತು ಕಡಿಮೆ ಎನ್ನುವುದೇ ಒಂದು ದೂರಾಗಿತ್ತು. ಬಾಯಿ ಬಿಡದವನ ಹೊಟ್ಟೆಯೊಳಗೆ ಏನಿದೆಯೋ ಯಾರು ಬಲ್ಲರು?

ಎಲ್ಲ ಶುರುವಾಗಿದ್ದು ಎರಡು ತಿಂಗಳ ಹಿಂದೆ, ಅವಳಿಂದಲೇ. ಟ್ಯಾಂಕಿನೊಳಗೆ ಕಡ್ಡಿ ಇಳಿಬಿಟ್ಟು ಡೀಸೆಲ್ ಎಷ್ಟಿದೆ ಎಂದು ನೋಡುವುದು ಆ ಮನೆಯಲ್ಲಿ ಹತ್ತು ವರ್ಷದವಳಿದ್ದಾಗಿನಿಂದ ಅವಳ ಕೆಲಸ. ಕಡ್ಡಿಗೆ ಎಂಟು ಗೆರೆ. ಬೆಳಿಗ್ಗೆ ಉಗ್ರಾಣದ ಮುಂದೆ ಅಪ್ಪ ಡ್ರಮ್ಮಿನಿಂದ ಎಂಟನೇ ಗೆರೆಯವರೆಗೆ ತುಂಬಿಸುತ್ತಿದ್ದ. ಸಂಜೆ ಗಾಡಿ ಮನೆಗೆ ಬಂದ ಮೇಲೆ ಅವಳು ಅಳೆದು ಹೇಳುತ್ತಿದ್ದಳು. ಒಂದು ದಿನದ ಕೆಲಸಕ್ಕೆ ಮೂರು ಗೆರೆ ಖರ್ಚು, ಹೆಚ್ಚೆಂದರೆ ಮೂರೂವರೆ. ಇಷ್ಟು ವರ್ಷ ತಪ್ಪದ ಆ ಲೆಕ್ಕ ಒಂದು ಸಂಜೆ ತಪ್ಪಿತು. ಕಡ್ಡಿ ಮೂರೇ ಗೆರೆ ಒದ್ದೆಯಾಗಿ ಮೇಲೆ ಬಂತು. ಮರುದಿನವೂ ಅಷ್ಟೇ. ಅದರ ಮರುದಿನವೂ ಅಷ್ಟೇ.

ಆಗ ಅವಳು ಗಂಡನನ್ನು ಕೇಳಬಹುದಿತ್ತು. ಅವನು ಬಚ್ಚಲಲ್ಲಿ ನೀರು ಹುಯ್ದುಕೊಳ್ಳುತ್ತಿದ್ದ, ಹತ್ತು ಹೆಜ್ಜೆ ದೂರ. ಅವಳು ನೇರ ಅಪ್ಪನ ಹತ್ತಿರ ಹೋಗಿ, "ದಿನಾ ಎರಡು ಗೆರೆ ಎಲ್ಲೋ ಹೋಗ್ತಿದೆ ಅಪ್ಪ, ಟ್ಯಾಂಕಿಗೊಂದು ಬೀಗ ಮಾಡಿಸಿದ್ರೆ ಒಳ್ಳೇದು," ಎಂದಳು. ದಾರಿಯಲ್ಲಿ ಹೋಗುವವರು ಯಾರೋ ಹೊಲದಲ್ಲಿ ಕೈ ಹಾಕುತ್ತಿರಬೇಕು ಎಂದುಕೊಂಡೇ ಹೇಳಿದ್ದಳು. ಅಪ್ಪ ಮಾತ್ರ, "ಹೊರಗಿನವರಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು?" ಎಂದುಬಿಟ್ಟ. ಆ ಮಾತು ಅವಳ ತಲೆಗೆ ಹುಳ ಬಿಟ್ಟ ಹಾಗೆ ಸೇರಿಕೊಂಡಿತು.

ವೆಲ್ಡಿಂಗ್‌ನವನು ದಪ್ಪ ತಗಡಿನ ಮುಚ್ಚಳ ಮಾಡಿ, ಸುತ್ತ ಹಳೆಯ ಟ್ಯೂಬಿನ ರಬ್ಬರು ಕೂರಿಸಿ, ಬೀಗದ ಕೊಂಡಿ ಹಚ್ಚಿಕೊಟ್ಟ. "ನೀರಲ್ಲಿ ಮುಳುಗಿಸಿದ್ರೂ ಒಂದು ಹನಿ ಒಳಗೆ ಹೋಗಲ್ಲ ಯಜಮಾನ್ರೇ, ನನ್ನ ಗ್ಯಾರಂಟಿ," ಎಂದ. ಸವೆದು ತೂತು ಬಿದ್ದಿದ್ದ ಹಳೆಯ ಮುಚ್ಚಳ ಗುಜರಿಗೆ ಹೋಯಿತು. ಆ ದಿನದಿಂದ ಬೀಗ ತೆಗೆಯುವಾಗ ಅಳಿಯ ಹತ್ತಿರ ಸುಳಿಯಬಾರದು ಎಂದು ಅಪ್ಪನ ಕಾನೂನು. ಅಳಿಯನೂ ಏನು ಕಮ್ಮಿ? ಅಪ್ಪ ಒಳಜೇಬಿಗೆ ಕೈ ಹಾಕಿದರೆ ಸಾಕು, ಬೆನ್ನು ತಿರುಗಿಸಿ ಮರದ ಕೆಳಗೆ ಹೋಗಿ ಕೂರುತ್ತಿದ್ದ.

ಬೀಗ ಬಿದ್ದರೂ ಸಂಜೆ ಕಡ್ಡಿ ಮೂರೇ ಗೆರೆ ತೋರಿಸಿತು. ಸಾಲದ್ದಕ್ಕೆ, ಗೊಬ್ಬರ ಹೊಡೆಯುವ ಹಗುರ ಕೆಲಸ ಮುಗಿದು ಕೆಳಗಿನ ಹೊಲದ ಗಟ್ಟಿ ನೆಲಕ್ಕೆ ನೇಗಿಲು ಇಳಿದ ದಿನವೇ ಗಾಡಿ ನಿಲ್ಲತೊಡಗಿತು.

ಕಿವಿ ಮೇಸ್ತ್ರಿಯನ್ನು ಕರೆಸಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು ಹಿಡಿಯನ್ನು ಕಿವಿಗೊತ್ತಿ ರೋಗ ಹೇಳುತ್ತಾನೆಂದು ಅವನಿಗೆ ಆ ಹೆಸರು. ಅಂಗಳದಲ್ಲಿ ಕಿವಿಗೊಟ್ಟು ಕೇಳಿದ. ಗಾಡಿ ಬೆಕ್ಕಿನ ಹಾಗೆ ಗುರುಗುಟ್ಟುತ್ತ ನಿಂತಿತ್ತು, ಒಂದೂ ಅಪಸ್ವರವಿಲ್ಲ.

"ಖಾಲಿ ನಿಂತಾಗ ಏನೂ ಇಲ್ಲ, ಲೋಡು ಬಿದ್ರೆ ನಿಲ್ಲುತ್ತೆ ಅಂದ್ರೆ ಡೀಸೆಲ್ ಸಾಲ್ತಿಲ್ಲ ಅಂತ ಅರ್ಥ," ಎಂದ ಮೇಸ್ತ್ರಿ. "ಫಿಲ್ಟರ್ ಕಟ್ಟಿರಬೇಕು."

ಅಪ್ಪ ಬೀಗ ತೆಗೆದುಕೊಟ್ಟ. ಮೇಸ್ತ್ರಿ ಮುಚ್ಚಳ ಪಕ್ಕಕ್ಕಿಟ್ಟು ಟ್ಯಾಂಕಿನ ತಳದ ಕೆಸರು ತೆಗೆದ, ಫಿಲ್ಟರ್ ಬದಲಾಯಿಸಿದ, ಡೀಸೆಲ್ ಲೈನಿನೊಳಗೆ ಸೇರಿದ್ದ ಗಾಳಿ, ಅಂದರೆ ಏರ್, ತೆಗೆದ, ಹೊಲದಲ್ಲಿ ಎರಡು ಸಾಲು ಹೊಡೆದು ತೋರಿಸಿದ. ಚಹಾ ಕುಡಿದು ಹೋದ. ಮರುದಿನ ಗಾಡಿ ಏಳನೇ ಸಾಲಿಗೆ ನಿಂತಿತು. ಎರಡನೇ ಸಲ ಬಂದು ಪೈಪು ಬದಲಾಯಿಸಿದ. ಮೂರನೇ ಸಲ ಡೀಸೆಲ್ ಎಳೆಯುವ ಪಂಪು ಬಿಚ್ಚಿ ತೊಳೆದ. ಪ್ರತಿ ಸಲವೂ ಅವನ ಮುಂದೆ ಗಾಡಿ ಒಳ್ಳೆಯ ಮಗುವಿನಂತಿರುತ್ತಿತ್ತು. ಅವನು ಬೆನ್ನು ತಿರುಗಿಸಿದರೆ ಹಳೆ ಚಾಳಿ.

ಮೂರನೇ ಸಲ ಅವನು ಹೊರಡುವಾಗ ಅಪ್ಪನ ಕಿವಿಯ ಹತ್ತಿರ ಬಾಗಿ ಒಂದು ಮಾತು ಹೇಳಿದ. ಅಪ್ಪನಿಗೆ ಟ್ರ್ಯಾಕ್ಟರಿನ ಸದ್ದಿನಲ್ಲಿ ಕಿವಿ ಅರ್ಧ ಹೋಗಿದ್ದರಿಂದ ಆ ಗುಟ್ಟು ಅಡುಗೆಮನೆಗೂ ಕೇಳಿಸಿತು.

"ಲೈನಿನಲ್ಲಿ ಏರ್ ಸೇರ್ತಿದೆ. ಪಂಪಿನ ಹತ್ರ ನಟ್ಟಿನ ಮೇಲೆ ಸ್ಪ್ಯಾನರ್ ಗಾಯ ಹೊಸದು. ನಾನು ಹಾಕಿದ್ದಲ್ಲ. ಯಾರೋ ಆಗಾಗ ಬಿಚ್ತಾರೆ."

ಅಲ್ಲಿಗೆ ಎಲ್ಲ ಕೂಡಿ ಬಂತು. ಬೀಗ ಮೇಲಿದೆ, ಸರಿ. ಕೆಳಗಿನ ಪೈಪು ಬಿಚ್ಚಿ ಕ್ಯಾನಿಗೆ ಹಿಡಿದರೆ? ಡೀಸೆಲ್ಲೂ ಹೋಗುತ್ತದೆ, ಗಾಳಿಯೂ ಸೇರುತ್ತದೆ, ಗಾಡಿಯೂ ನಿಲ್ಲುತ್ತದೆ. ಇಷ್ಟು ಅಚ್ಚುಕಟ್ಟಾಗಿ ಹೊಂದುವ ಸಂಶಯವನ್ನು ಬಿಡುವುದು ಯಾರಿಂದಲೂ ಆಗದ ಕೆಲಸ. ಅವಳು ಹಿಟ್ಟಿನ ಕೈಯಲ್ಲೇ ನಿಂತು ಕೇಳಿಸಿಕೊಂಡಳು. 

ಅದೇ ಭಾನುವಾರ ಪೇಟೆಯಿಂದ ಅಣ್ಣ ಬಂದ. ಊಟಕ್ಕೆ ಎಲ್ಲರೂ ಸಾಲಾಗಿ ಕೂತಿದ್ದರು. ಅಣ್ಣ ಬೇಳೆ ಕಲಸಿಕೊಳ್ಳುತ್ತಲೇ ಹುಳಿ ಹಿಂಡಲು ಶುರು ಮಾಡಿದ.

"ಏನು ಭಾವ, ಗಾಡಿ ನಿಮ್ಮ ಮೇಲೆ ಮುನಿಸಿಕೊಂಡಿದೆಯಂತೆ?"

"ಗಾಡಿ ಅಲ್ಲ," ಎಂದ ಗಂಡ.

"ಅಂದ್ರೆ?"

"ಗಾಡಿಗೆ ಮುನಿಸು ಎಲ್ಲಿಂದ ಬರುತ್ತೆ? ಅನ್ನ ಹಾಕು," ಎಂದು ಅವಳ ಕಡೆ ತಟ್ಟೆ ಒಡ್ಡಿದ.

"ಅಪ್ಪ, ನಂಗೆ ಗೊತ್ತಿರೋ ಒಬ್ಬ ಡ್ರೈವರ್ ಇದ್ದಾನೆ. ಬಿತ್ತನೆಗೆ ಇನ್ನೆಷ್ಟು ದಿನ ಇದೆ? ಹೀಗೇ ಆದ್ರೆ ಕೆಳಗಿನ ಹೊಲ ಈ ಸಲ ಪಾಳು. ಈ ವಾರ ನೋಡು, ಮುಂದಿನ ಸೋಮವಾರದಿಂದ ಅವನನ್ನ ಹಾಕು."

"ಮತ್ತೆ ನಿಮ್ಮ ಭಾವ?" ಎಂದಳು ಅಮ್ಮ.

"ಭಾವ ಸ್ವಲ್ಪ ದಿನ ದನ ನೋಡ್ಕೊಳ್ಳಲಿ. ರೆಸ್ಟ್ ಆದ ಹಾಗೂ ಆಯ್ತು."

ಗಂಡ ತಲೆ ತಗ್ಗಿಸಿ ಊಟ ಮುಗಿಸಿದ, ತಟ್ಟೆ ತಾನೇ ಎತ್ತಿಕೊಂಡು ಹೋಗಿ ತೊಳೆದಿಟ್ಟ. ನಾಲ್ಕು ವರ್ಷದಲ್ಲಿ ಅವನು ತಟ್ಟೆ ತೊಳೆದಿದ್ದು ಅದೇ ಮೊದಲು. ಅವಳಿಗೆ ಆಗಲೇ ಗೊತ್ತಾಯಿತು. ಟ್ರ್ಯಾಕ್ಟರು ಕೈ ತಪ್ಪಿದರೆ ಇವನು ಈ ಮನೆಯಲ್ಲಿ ಒಂದು ದಿನವೂ ಉಳಿಯುವವನಲ್ಲ. ಅವನು ಹೋಗಿಬಿಟ್ಟರೆ ತಾನು ಗಂಡ ಬಿಟ್ಟ ಮಗಳಾಗಿ ಇದೇ ಒಲೆಯ ಮುಂದೆ ಮುದುಕಿಯಾಗಬೇಕು. ಉಳಿದರೆ ಒಬ್ಬ ಕಳ್ಳನ ಜೊತೆ ಬಾಳಬೇಕು. ಎರಡರಲ್ಲಿ ಯಾವುದು ವಾಸಿ ಎಂದು ಅವಳು ಪಾತ್ರೆ ಉಜ್ಜುತ್ತ ಯೋಚಿಸಿದಳು, ಯಾವುದೂ ವಾಸಿ ಎನಿಸಲಿಲ್ಲ.

ಆ ವಾರ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಒಗೆಯುವ ಮುಂಚೆ ಅವನ ಅಂಗಿ ಮೂಸಿದಳು. ಡೀಸೆಲ್ ವಾಸನೆ ಇತ್ತು, ಟ್ರ್ಯಾಕ್ಟರ್ ಓಡಿಸುವವನ ಅಂಗಿಯಲ್ಲಿ ಮತ್ತೇನು ಮಲ್ಲಿಗೆ ಇರುತ್ತದೆಯೇ? ಆದರೂ ಇತ್ತಲ್ಲ ಎಂದುಕೊಂಡಳು. ಕೊಟ್ಟಿಗೆಯಲ್ಲಿ ಹುಲ್ಲಿನ ಹಿಂದೆ ಒಂದು ಐದು ಲೀಟರಿನ ಕ್ಯಾನು ಸಿಕ್ಕಿತು. ತಳದಲ್ಲಿ ಕಪ್ಪು ಡೀಸೆಲ್, ಅದರಲ್ಲಿ ಒಂದು ಹಳೆಯ ಫಿಲ್ಟರು. ತೊಳೆಯಲು ನೆನೆಹಾಕಿದ್ದು ಎಂದು ಕಣ್ಣು ಹೇಳಿತು. ಕ್ಯಾನು ಬಚ್ಚಿಟ್ಟಿದ್ದು ಯಾಕೆ ಎಂದು ಮನಸ್ಸು ಕೇಳಿತು. ಎರಡು ದಿನ ಸಂಜೆ ಅವನು ಇಟ್ಟಿಗೆ ಕಾರ್ಖಾನೆಯ ಮಾಲೀಕನ ಜೊತೆ ರಸ್ತೆಯ ತಿರುವಿನಲ್ಲಿ ನಿಂತು ಮಾತಾಡುವುದನ್ನು ಕಂಡಳು. ಆ ಮಾಲೀಕನ ಹತ್ತಿರ ನಾಲ್ಕು ಟ್ರ್ಯಾಕ್ಟರು. ನಾಲ್ಕಕ್ಕೂ ಡೀಸೆಲ್ ಬೇಕು.

"ಅವರ ಹತ್ರ ಏನು ಮಾತು?" ಎಂದು ಒಂದು ಸಲ ಬಾಯಿಗೆ ಬಂತು. "ಚಹಾ ಬೇಕಾ?" ಎಂದು ಕೇಳಿ ಸುಮ್ಮನಾದಳು.

ಅವನೂ ಅವಳನ್ನು ಒಂದು ರೀತಿ ನೋಡಿದ. "ಬೇಡ," ಎಂದ.

ಶುಕ್ರವಾರ ಬೆಳಿಗ್ಗೆ ಅಪ್ಪ ಉಗ್ರಾಣದ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡ. ಪಾದ ಊದಿತು. ಅಮ್ಮ ಬಿಸಿ ನೀರಿನ ಬಟ್ಟೆ ಕಟ್ಟುತ್ತ, "ಸವತಿ ಸೇವೆ ಇವತ್ತೊಂದು ದಿನ ಸಾಕು, ಕೂತ್ಕೊಳ್ಳಿ," ಎಂದು ಗದರಿದಳು. ಅಪ್ಪ ಬೇರೆ ದಾರಿ ಕಾಣದೆ ಒಳಜೇಬಿನಿಂದ ಬೀಗದ ಕೈ ತೆಗೆದು ಮಗಳಿಗೆ ಕೊಟ್ಟ.

"ಬುತ್ತಿ ಕೊಡೋಕೆ ಹೋಗ್ತೀಯಲ್ಲ, ಗಾಡಿ ನಿಂತಿದ್ರೆ ನೀನೇ ತೆಗೆದು ನೋಡು. ಅವರ ಕೈಗೆ ಕೊಡಬೇಡ. ಪೈಪಿನ ಹತ್ರನೂ ಒಂದು ಕಣ್ಣಿಡು."

ಅವಳು ಬದುವಿನ ಮೇಲೆ ಬುತ್ತಿ ಹಿಡಿದು ಬರುತ್ತಿದ್ದಾಗ ಗಾಡಿ ಹೊಲದ ಆ ತುದಿಯಿಂದ ಈ ತುದಿಗೆ ಎಳೆಯುತ್ತ ಬರುತ್ತಿತ್ತು. ಅವಳು ಕಣ್ಣಾರೆ ನೋಡಿದಳು. ಗಂಡನ ಎರಡು ಕೈ ಸ್ಟೀರಿಂಗಿನ ಮೇಲಿದ್ದವು. ಅವನು ಏನನ್ನೂ ಮುಟ್ಟಲಿಲ್ಲ. ಇಂಜಿನ್ನಿನ ದನಿ ತೆಳ್ಳಗಾಯಿತು, ಹೊಗೆ ಕಡಿಮೆಯಾಯಿತು, ಗಾಡಿ ಎರಡು ಸಲ ಕೆಮ್ಮಿ ಅವಳಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಿತು.

"ನೋಡಿದ್ಯಾ?" ಎಂದ ಗಂಡ, ಇಳಿಯದೆ. "ನಾನು ನಿಲ್ಲಿಸಿದ್ನಾ?"

ಅವಳು ಬುತ್ತಿ ಕೆಳಗಿಟ್ಟು ಗಾಡಿ ಹತ್ತಿದಳು. ಅವಳ ಕೈಯಲ್ಲಿ ಬೀಗದ ಕೈ ಕಂಡು ಅವನು ಎಂದಿನಂತೆ ಇಳಿದು ಮರದ ಕಡೆ ಹೊರಟ.

ಬೀಗ ಬಂತು, ಮುಚ್ಚಳ ಬರಲಿಲ್ಲ. ಎರಡು ಕೈಯಲ್ಲಿ ಹಿಡಿದು ಎಳೆದಳು, ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗಿತ್ತು. ರಬ್ಬರಿನ ಅಂಚಿಗೆ ಉಗುರು ತೂರಿಸಿ ಮೀಟಿದಳು. 'ಉಸ್ಸ್' ಎಂದು ಒಂದು ದೀರ್ಘ ಸದ್ದು ಬಂತು, ಮುಚ್ಚಳ ಹಗುರವಾಗಿ ಕೈಗೆ ಬಂತು.

ಮೂವತ್ತು ವರ್ಷ ಗಾಡಿ ಓಡಿಸಿ ಕಿವಿ ಕಳೆದುಕೊಂಡ ಅಪ್ಪನಿಗೆ ಆ ಸದ್ದು ಕೇಳಿಸಿರಲಿಲ್ಲ. ಮರದ ಕೆಳಗೆ ಕೂತ ಗಂಡನಿಗೆ ಕೇಳಿಸುವಂತಿರಲಿಲ್ಲ. ಮೇಸ್ತ್ರಿ ಬರುವ ಹೊತ್ತಿಗೆ ಗಾಡಿ ಗಂಟೆಗಟ್ಟಲೆ ನಿಂತು ಸುಧಾರಿಸಿಕೊಂಡಿರುತ್ತಿತ್ತು. ಅವಳಿಗೆ ಮಾತ್ರ ಆ ಸದ್ದಿನ ಗುರುತು ಚೆನ್ನಾಗಿತ್ತು. ದಿನ ಬೆಳಗಾದರೆ ಬಿಸಿ ಅನ್ನ ತುಂಬಿ ಮುಚ್ಚಿದ ಸ್ಟೀಲಿನ ಡಬ್ಬಿ ಮಧ್ಯಾಹ್ನ ಹೀಗೇ ಹಟ ಹಿಡಿಯುತ್ತದೆ, ಚಮಚ ತೂರಿಸಿ ಮೀಟಿದರೆ ಹೀಗೇ ಉಸ್ಸೆನ್ನುತ್ತದೆ. ಒಳಗೆ ಗಾಳಿಗೆ ದಾರಿಯಿಲ್ಲದಿದ್ದರೆ ಮುಚ್ಚಳ ಕಚ್ಚಿಕೊಳ್ಳುತ್ತದೆ.

"ರೀ!" ಎಂದು ಕೂಗಿದಳು. "ಬನ್ನಿ ಇಲ್ಲಿ. ಸ್ಟಾರ್ಟ್ ಮಾಡಿ."

"ಬೀಗ ಹಾಕಿ ಆಯ್ತಾ?"

"ಬೀಗದ ಮನೆ ಹಾಳಾಗ. ಬನ್ನಿ ಅಂದ್ನಲ್ಲ."

ಮುಚ್ಚಳವನ್ನು ಸಡಿಲವಾಗಿ ಮೇಲಿಟ್ಟು ಬಟ್ಟೆಯಲ್ಲಿ ಕಟ್ಟಿದರು. ಅವಳು ಬದುವಿನ ಮೇಲೆ ಕೂತು ಸಾಲು ಎಣಿಸಿದಳು. ಆರು ದಾಟಿತು, ಹತ್ತು ದಾಟಿತು, ಇಪ್ಪತ್ತಾಯಿತು. ಗಾಡಿ ಒಂದು ಸಲವೂ ಕೆಮ್ಮಲಿಲ್ಲ. ಆಮೇಲೆ ಗಂಡನೇ ಹೇಳಿ ಬೀಗ ಬಿಗಿಯಾಗಿ ಹಾಕಿಸಿದ. ಏಳನೇ ಸಾಲಿನ ನಡುವೆ ನಿಂತಿತು. ಈ ಸಲ ಅವನೂ ಹತ್ತಿರ ನಿಂತು 'ಉಸ್ಸ್' ಕೇಳಿದ.

"ಡೀಸೆಲ್ ಕೆಳಗೆ ಹೋದ ಹಾಗೆ ಮೇಲಿಂದ ಗಾಳಿ ಹೋಗಬೇಕು," ಎಂದ ಮೆಲ್ಲಗೆ. "ಹಳೆ ಮುಚ್ಚಳದ ತೂತು ಸವೆದಿದ್ದಲ್ಲ. ಬೇಕಂತಲೇ ಇಟ್ಟಿದ್ದು. ಖಾಲಿ ಓಡುವಾಗ ಕುಡಿಯೋದು ಕಮ್ಮಿ, ಗೊತ್ತಾಗಲ್ಲ. ಲೋಡು ಬಿದ್ದಾಗ ಉಸಿರು ಕಟ್ಟುತ್ತೆ."

"ಮತ್ತೆ ಪಂಪಿನ ಹತ್ರ ನಟ್ಟು ಬಿಚ್ತಿದ್ದಿದ್ದು?"

ಕೇಳಿದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ಅವನು ಅವಳ ಮುಖ ನೋಡಿದ.

"ನಿಂತ ಗಾಡಿಯ ಏರ್ ತೆಗೆಯೋಕೆ ಅದನ್ನೇ ಬಿಚ್ಚಬೇಕು," ಎಂದ. ಬುತ್ತಿ ಬಿಚ್ಚಿ ಊಟಕ್ಕೆ ಕೂತ.

ಅವಳು ಸುಮ್ಮನೆ ಕೂರಲಾರದೆ ಗಾಡಿ ಹತ್ತಿ ಕಡ್ಡಿ ಇಳಿಬಿಟ್ಟಳು. ಐದೂವರೆ ಗೆರೆ ಇತ್ತು. ಅರ್ಧ ದಿನಕ್ಕಿಂತ ಹೆಚ್ಚು ಉತ್ತಿದೆ, ಎರಡೂವರೆ ಗೆರೆ ಖರ್ಚು. ಹಿಂದಿನ ಲೆಕ್ಕದ ಪ್ರಕಾರ ಸರಿಯಾಗಿಯೇ ಇತ್ತು. ಅಂದರೆ ಹೊಲದಲ್ಲಿ ಯಾರೂ ಕದಿಯುತ್ತಿರಲಿಲ್ಲ.

ಸಂಜೆ ಅಂಗಳದಲ್ಲಿ ಅಪ್ಪ ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಎಲ್ಲ ಕೇಳಿಸಿಕೊಂಡ. ಮೂಗು ಕೆಂಪಾಯಿತು.

"ಸರಿ. ನಿಂತಿದ್ದು ಬೀಗದಿಂದ ಅಂತಾನೇ ಇಟ್ಕೋ. ಬೀಗ ಹಾಕ್ಸಿದ್ದು ಯಾಕೆ? ದಿನಾ ಎರಡು ಗೆರೆ ಡೀಸೆಲ್ ಹೋಗಿದ್ದು ಎಲ್ಲಿಗೆ? ಅದನ್ನ ಹೇಳು."

ಗಂಡ ಗಾಡಿಯನ್ನು ಎಂದಿನಂತೆ ದನದ ಕೊಟ್ಟಿಗೆಯ ಪಕ್ಕದ ಇಳಿಜಾರಿನಲ್ಲಿ, ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಬರುತ್ತಿದ್ದ. ಅವಳು ಕಡ್ಡಿ ಹಿಡಿದು ಹೋದಳು. ದಾರಿಯುದ್ದಕ್ಕೂ ಅವಳೇ ಗಾಡಿಯ ಮೇಲೆ ಕೂತು ಬಂದಿದ್ದಳು, ಬೀಗದ ಕೈ ಅವಳ ಮುಷ್ಟಿಯಲ್ಲೇ ಇತ್ತು. ಊಟದ ಮೇಲೆ ಇನ್ನು ಸ್ವಲ್ಪ ಉತ್ತಿದ್ದರು, ಐದು ಗೆರೆಯಾದರೂ ಇರಬೇಕು. ಕಡ್ಡಿ ಇಳಿಬಿಟ್ಟಳು, ಮೇಲೆತ್ತಿದಳು.

ಮೂರು ಗೆರೆ.

ಎರಡನೇ ಸಲ ಇಳಿಬಿಟ್ಟಳು. ಮೂರೇ. ಬಗ್ಗಿ ಚಕ್ರಕ್ಕೆ ಕೊಟ್ಟ ಕಲ್ಲನ್ನು ನೋಡಿದಳು. ಟ್ಯಾಂಕಿನ ಬಾಯಿ ಸೀಟಿನ ಕಡೆ, ಗಾಡಿಯ ಮೂತಿ ಇಳಿಜಾರಿನ ಕಡೆ. ಡೀಸೆಲ್ಲೆಲ್ಲ ಮುಂದಕ್ಕೆ ಹೋಗಿ ನಿಂತಿತ್ತು. ಕಡ್ಡಿ ಇಳಿಯುತ್ತಿದ್ದುದು ಖಾಲಿ ಮೂಲೆಗೆ.

"ರೀ, ಗಾಡೀನ ಉಗ್ರಾಣದ ಮುಂದಕ್ಕೆ ತನ್ನಿ," ಎಂದಳು.

ಉಗ್ರಾಣದ ಮುಂದೆ ನೆಲ ಸಮ. ಅಪ್ಪ ಕುಂಟಿಕೊಂಡು ಬಂದು, ಕಣ್ಣು ಕಾಣದಿದ್ದರೂ ಬಗ್ಗಿ ನೋಡಿದ. ಅವಳು ಕಡ್ಡಿ ಮತ್ತೆ ಅದ್ದಿ ತೆಗೆದು, ಅಪ್ಪನ ಬೆರಳನ್ನೇ ಹಿಡಿದು ಒದ್ದೆ ಗೆರೆಯ ಮೇಲಿಟ್ಟಳು. ಐದು.

ಅಪ್ಪ ಬೆರಳನ್ನು ಪಂಚೆಗೆ ಒರೆಸಿಕೊಂಡು, "ಇಳಿಜಾರಲ್ಲಿ ನಿಲ್ಲಿಸು ಅಂತ ಇವರಿಗೆ ಹೇಳಿದ್ಯಾರು?" ಎಂದ.

"ನೀವೇ ಮಾವ," ಎಂದ ಗಂಡ. "ಎರಡು ತಿಂಗಳ ಹಿಂದೆ ಬ್ಯಾಟರಿ ಸೋತಿದೆ, ಇಂಜಿನ್ ಬಿಸಿ ಇದ್ರೆ ಮಾತ್ರ ಎಳೆಯುತ್ತೆ, ಹೊಸದು ತರೋಣ ಅಂದೆ. ಬ್ಯಾಟರಿ ಯಾಕೆ, ಇಳಿಜಾರಲ್ಲಿ ನಿಲ್ಲಿಸಿದ್ರೆ ಬೆಳಿಗ್ಗೆ ತಾನೇ ಉರುಳಿ ಸ್ಟಾರ್ಟ್ ಆಗುತ್ತೆ ಅಂದ್ರಿ."

ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ತಡೆಯಲೋ ಅಳು ತಡೆಯಲೋ ಗೊತ್ತಾಗಲಿಲ್ಲ. ಅಪ್ಪ ಸ್ಟೂಲನ್ನು ತಾನೇ ಎಳೆದುಕೊಂಡು ಕೂತ. ತಪ್ಪಾಯಿತು ಎನ್ನುವ ಮಾತು ಅವನ ಬಾಯಲ್ಲಿ ಯಾವತ್ತೂ ಬಂದದ್ದಲ್ಲ, ಆ ಸಂಜೆಯೂ ಬರಲಿಲ್ಲ.

"ನಾಳೆ ಆ ಡ್ರೈವರಿಗೆ ಬರಬೇಡ ಅಂತ ಹೇಳ್ಸು," ಎಂದ ಮಗಳಿಗೆ. ಆಮೇಲೆ ಅಳಿಯನ ಕಡೆ ನೋಡದೆ, "ಕೆಳಗಿನ ಹೊಲ ಎಷ್ಟು ಉಳೀತು?" ಎಂದ.

"ನಾಳೆ ಒಂದು ದಿನದ್ದು. ಮುಗಿಸಿಕೊಡ್ತೀನಿ. ಸೋಮವಾರದಿಂದ ನಾನು ಇಟ್ಟಿಗೆ ಕಾರ್ಖಾನೆಗೆ ಹೋಗ್ತೀನಿ ಮಾವ. ಟ್ರ್ಯಾಕ್ಟರ್ ಓಡ್ಸೋಕೆ. ಮಾತು ಕೊಟ್ಟಾಗಿದೆ."

"ನಮಗೆ ಒಂದು ಮಾತು ಹೇಳಬಾರದಿತ್ತಾ?"

"ನೀವು ಕೇಳ್ಲಿಲ್ಲ," ಎಂದ ಗಂಡ, ಮತ್ತು ಬಚ್ಚಲ ಕಡೆ ಹೋದ.

ಮರುದಿನ ಗಾಡಿ ಬೆಳಗಿನಿಂದ ಎಲ್ಲೂ ನಿಲ್ಲದೆ ಓಡಿತು. ಮೂರು ಗಂಟೆಗೆಲ್ಲ ಕೆಳಗಿನ ಹೊಲ ಮುಗಿಯಿತು. ಗಂಡ ಸ್ನಾನ ಮಾಡಿ ಬಂದು ಕೋಣೆಯಲ್ಲಿ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದ. ಅವಳು ಬಾಗಿಲಲ್ಲಿ ನಿಂತಳು. ಹೇಳಲೇಬೇಕಿತ್ತು, ಹೇಳದಿದ್ದರೆ ಅಪ್ಪನ ತಲೆಯ ಮೇಲೆ ಹಾಕಿ ತಾನು ತಪ್ಪಿಸಿಕೊಂಡಂತೆ.

"ಕಡ್ಡಿ ಹಾಕಿ ಅಪ್ಪನಿಗೆ ಹೇಳಿದ್ದು ನಾನೇ. ಬೀಗ ಮಾಡಿಸು ಅಂದಿದ್ದೂ ನಾನೇ."

"ಗೊತ್ತು."

"ಯಾರು ಹೇಳಿದ್ರು?"

"ನಿನ್ನ ಕೈ. ಎರಡು ತಿಂಗಳಿಂದ ಕಡ್ಡಿ ಅದ್ದಿದ್ದೇ ಅದ್ದಿದ್ದು, ನೀನು ಹಾಕಿದ ರೊಟ್ಟಿಗೆಲ್ಲ ಡೀಸೆಲ್ ವಾಸನೆ."

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಗೊತ್ತಿದ್ದೂ ಯಾಕೆ ಸುಮ್ನಿದ್ರಿ?"

"ಕೇಳ್ತೀಯ ಅಂತ ಕಾದೆ. ಇವತ್ತು ಕೇಳ್ತಾಳೆ, ನಾಳೆ ಕೇಳ್ತಾಳೆ, ರೀ, ಡೀಸೆಲ್ ನೀವು ತೆಗೆದ್ರಾ ಅಂತ. ನೀನು ಚಹಾ ಬೇಕಾ ಅಂತ ಕೇಳ್ದೆ."

"ಈಗ ಕೇಳ್ಲಾ?"

"ಈಗ ಉತ್ತರ ಗೊತ್ತಲ್ಲ. ಈಗ ಕೇಳಿ ಏನು ಬಂತು?" ಅವನು ಒಂದು ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. "ನಾನೊಂದು ಕೇಳ್ತೀನಿ. ಆಗ ನೀನು ಕೇಳಿ, ನಾನು ಇಲ್ಲ ಅಂದಿದ್ರೆ, ನಂಬ್ತಿದ್ಯಾ?"

ಹೌದು ಎಂದುಬಿಡುವುದು ಸುಲಭವಿತ್ತು. ಆ ಒಂದು ಮಾತಿಗೆ ಅವನು ಚೀಲ ಕೆಳಗಿಟ್ಟು ಈ ಮನೆಯಲ್ಲೇ ಉಳಿದರೂ ಉಳಿಯಬಹುದಿತ್ತು. ಅವಳು ಅವನ ಅಂಗಿ ಮೂಸಿದ್ದನ್ನು ನೆನೆದಳು, ಹುಲ್ಲಿನೊಳಗೆ ಕೈ ಹಾಕಿ ಕ್ಯಾನು ಹುಡುಕಿದ್ದನ್ನು ನೆನೆದಳು.

"ನಂಬ್ತಿರಲಿಲ್ಲ," ಎಂದಳು.

ಅವನ ಕೈ ನಿಂತಿತು. ಕಿಟಕಿಯ ಹೊರಗೆ ಅಪ್ಪ ಯಾರಿಗೋ ಏನೋ ಜೋರಾಗಿ ಹೇಳುತ್ತಿದ್ದ. ಅವನು ಅವಳನ್ನು ನೋಡಿದ. ಎಷ್ಟೋ ವಾರಗಳ ಮೇಲೆ ನೇರವಾಗಿ ನೋಡಿದ.

"ಸದ್ಯ," ಎಂದ. "ಇದೊಂದನ್ನಾದ್ರೂ ನಿಜ ಹೇಳ್ದೆ."

ಮತ್ತೆ ಬಟ್ಟೆ ತುಂಬತೊಡಗಿದ. ತುಂಬುತ್ತಲೇ, ಗೋಡೆಗೆ ಹೇಳುವವನಂತೆ, "ಅಲ್ಲಿ ಒಂದು ರೂಮು ಕೊಡ್ತಾರಂತೆ. ನಲ್ಲಿ ಹೊರಗಿದೆ. ಒಲೆ ನಾವೇ ತಗೋಬೇಕು," ಎಂದ. ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ಅವಳು ಅವನ ಬೆನ್ನನ್ನೇ ನೋಡುತ್ತ ನಿಂತಳು. ಆ ಬೆನ್ನಿನಲ್ಲಿ ಯಾವ ಉತ್ತರವೂ ಕಾಣಲಿಲ್ಲ. ಮೊದಲಾಗಿದ್ದರೆ ಹೊರಗೆ ಹೋಗಿ ಅಮ್ಮನನ್ನು ಕೇಳುತ್ತಿದ್ದಳು, ಅವನು ಚೀಲಕ್ಕೆ ಏನೇನು ಹಾಕಿದ ಎಂದು ಇಣುಕಿ ಲೆಕ್ಕ ಹಾಕುತ್ತಿದ್ದಳು. ಈಗ ಹೊಸ್ತಿಲು ದಾಟಿ ಒಳಗೆ ಬಂದಳು.

"ನಾನೂ ಬರಲಾ?" ಎಂದು ಕೇಳಿದಳು.

ಅವನು ಚೀಲದ ಬಾಯಿ ಕಟ್ಟುತ್ತಿದ್ದವನು ತಿರುಗಿ ನೋಡಲಿಲ್ಲ. ಕಟ್ಟಿದ್ದ ಗಂಟನ್ನು ಬಿಚ್ಚಿ, ಮೇಲಿದ್ದ ತನ್ನ ಎರಡು ಅಂಗಿಗಳನ್ನು ಹೊರಗೆ ತೆಗೆದಿಟ್ಟ.

"ನಿನ್ನ ಬಟ್ಟೆ ಎರಡೇ ಜೊತೆ ತಗೊಂಡು ಬಾ," ಎಂದ. "ಚೀಲ ಚಿಕ್ಕದು."